ನಮ್ಮದು ಔದಾರ್ಯವಲ್ಲ ಸ್ವಾಮಿ, ಸಂಕೋಚ!

ಕನ್ನಡಿಗನಷ್ಟು ಒಳ್ಳೆಯವನು ಈ ದೇಶದಲ್ಲಿ ಇನ್ನೊಬ್ಬನಿಲ್ಲ ಎಂದು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ತಮಿಳಿನವನು ಬಂದರೆ ತಮಿಳು, ತೆಲುಗಿನವನು ಬಂದರೆ ತೆಲುಗು, ಹಿಂದಿಯವನು ಬಂದರೆ ಹಿಂದಿ, ಯಾವುದೂ ಗೊತ್ತಾಗದಿದ್ದರೆ ಇಂಗ್ಲಿಷು! ವೇದಿಕೆ ಹತ್ತಿದ ಮಂತ್ರಿಯಿಂದ ಹಿಡಿದು ಅಂಗಡಿ ಕಟ್ಟೆಯ ಮೇಲೆ ಕೂತ ಪುಢಾರಿಯವರೆಗೆ ಎಲ್ಲರೂ ಇದಕ್ಕೆ ಇಟ್ಟಿರುವ ಹೆಸರು 'ಕನ್ನಡಿಗರ ಔದಾರ್ಯ'. ನಮ್ಮ ಚಳವಳಿಯವರು ಬೈಯುವುದೂ ಇದನ್ನೇ, 'ಅತಿಯಾದ ಔದಾರ್ಯ' ಅಂತ. ಹೊಗಳುವವರು, ಬೈಯುವವರು ಇಬ್ಬರೂ ಒಂದು ಮಾತನ್ನು ಮಾತ್ರ ಯೋಚನೆ ಮಾಡದೆ ಒಪ್ಪಿಕೊಂಡುಬಿಟ್ಟಿದ್ದಾರೆ. ಇದು ಔದಾರ್ಯ ಎಂಬುದನ್ನು!

ನಾನು ಒಪ್ಪುವುದಿಲ್ಲ. ಇದಕ್ಕೆ ನಮ್ಮ ಭಾಷೆಯಲ್ಲೇ ಸರಿಯಾದ ಹೆಸರಿದೆ. ಸಂಕೋಚ. ಗುರುತಿಲ್ಲದವರ ಜೊತೆ ಮಾತು ಬೆಳೆಸಲು ಸಂಕೋಚ. ಬೇಗ ಮುಗಿಸಿ ಕಳಿಸಿಬಿಟ್ಟರೆ ಸಾಕಪ್ಪಾ ಎನ್ನುವ ಸಂಕೋಚ. ಆ ಸಂಕೋಚಕ್ಕೆ ಔದಾರ್ಯದ ಶಾಲು ಹೊದಿಸಿ ನಮಗೆ ನಾವೇ ಸನ್ಮಾನ ಮಾಡಿಕೊಳ್ಳುತ್ತಿದ್ದೇವೆ.

ಬನಶಂಕರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು ನಾನು. ಓದಿದ್ದು ಪಿಯುಸಿ. ಆದರೆ ಪ್ರೆಸ್ಸಿನ ಬೆಂಚು ಒಂದು ಕಾಲೇಜಿದ್ದ ಹಾಗೆ. ಪ್ರೂಫ್ ಬರುವ ತನಕ ಕಾಯಬೇಕಲ್ಲ, ಕೂತವರು ಮಾತಾಡುತ್ತಾರೆ. ವಿಸಿಟಿಂಗ್ ಕಾರ್ಡು, ಬಿಲ್ ಬುಕ್ಕು ಮಾಡಿಸಲು ಬರುವ ಹೊರಗಿನವರು ನಮ್ಮ ಬಗ್ಗೆ ಹೇಳುವ ಮಾತು ಎರಡು. ಮೊದಲನೆಯದು, "ಬೆಂಗಳೂರಿನ ಜನ ಬಹಳ ಸಾಧುಗಳು, ಯಾರ ತಂಟೆಗೂ ಬರುವುದಿಲ್ಲ." ಎರಡನೆಯದು, "ಬಂದು ಎಂಟು ವರ್ಷವಾಯಿತು, ಇನ್ನೂ ಒಬ್ಬ ಕನ್ನಡದವರ ಮನೆಯೊಳಗೆ ಕಾಲಿಟ್ಟಿಲ್ಲ." ಎಷ್ಟೋ ಸಲ ಎರಡೂ ಮಾತನ್ನು ಹೇಳುವವನು ಒಬ್ಬನೇ. ಮೊದಲನೆಯದನ್ನು ಕೇಳಿ ನಾವು ಉಬ್ಬುತ್ತೇವೆ. ಎರಡನೆಯದನ್ನು ಕೇಳಿಸಿಕೊಳ್ಳುವುದಿಲ್ಲ. ತಂಟೆಗೆ ಬಾರದವನು ಬೇರೆ, ಒಳಗೆ ಕರೆಯುವವನು ಬೇರೆ. ಈ ವ್ಯತ್ಯಾಸವನ್ನು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟಿನ ನಮ್ಮ ಹುಡುಗರು ಹುಡುಗಿಯರು ಅರ್ಥ ಮಾಡಿಕೊಳ್ಳದ ಹೊರತು ಈ ಊರಿನಲ್ಲಿ ಕನ್ನಡ ಬೆಳೆಯುವುದಿಲ್ಲ. ಅದಕ್ಕೇ ಈ ಲೇಖನ.

ಲಗ್ನಪತ್ರಿಕೆಯಲ್ಲಿ ಸ್ವಾಗತ, ಗೇಟಿನಲ್ಲಿ ಎಚ್ಚರಿಕೆ

ನನ್ನ ಕಸುಬಿನಿಂದಲೇ ಒಂದು ಸಾಕ್ಷಿ ಕೊಡುತ್ತೇನೆ. ಲಗ್ನಪತ್ರಿಕೆ ತೆಗೆದು ನೋಡಿ. ಸಕುಟುಂಬ ಸಪರಿವಾರ ಸಮೇತರಾಗಿ ಬರಬೇಕಂತೆ, ನಮ್ಮ ಸುಖಾಗಮನವನ್ನು ಬಯಸುವವರ ಪಟ್ಟಿಯೇ ಅರ್ಧ ಪುಟ. ಎಷ್ಟು ಚೆಂದದ ಕನ್ನಡ! ಕರೆಯುವುದು ಯಾರನ್ನು? ಆಗಲೇ ಗುರುತಿದ್ದವರನ್ನು.

ಇನ್ನು ಅದೇ ಮನೆಯವರು ಗೇಟಿಗೆ ಹಾಕಲು ಮಾಡಿಸುವ ಬೋರ್ಡು ನೋಡಿ. 'ನಾಯಿ ಇದೆ ಎಚ್ಚರಿಕೆ'. 'ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ'. 'ಅಪರಿಚಿತರಿಗೆ ಪ್ರವೇಶವಿಲ್ಲ'. 'ಮನೆ ಬಾಡಿಗೆಗೆ, ಸಂಸಾರಸ್ಥರಿಗೆ ಮಾತ್ರ'. ಈ ಬೋರ್ಡುಗಳನ್ನು ಮಾಡಿಸುವಾಗ ಗಿರಾಕಿ ತಪ್ಪದೆ ಹೇಳುವ ಮಾತು, "ಇಂಗ್ಲಿಷಿನಲ್ಲೂ ಹಾಕಿ, ಹಿಂದಿಯಲ್ಲೂ ಹಾಕಿ, ಎಲ್ಲರಿಗೂ ಅರ್ಥ ಆಗಬೇಕು."

ಲೆಕ್ಕ ಹಾಕಿ ನೋಡಿ ಗೆಳೆಯರೇ. 'ಬನ್ನಿ' ಎನ್ನುವುದನ್ನು ನಾವು ಕನ್ನಡದಲ್ಲಿ ಅಚ್ಚು ಹಾಕಿಸುತ್ತೇವೆ. 'ಬರಬೇಡಿ' ಎನ್ನುವುದನ್ನು ಎಲ್ಲ ಭಾಷೆಯಲ್ಲೂ ಅಚ್ಚು ಹಾಕಿಸುತ್ತೇವೆ! ಪರಭಾಷೆಯ ಮೇಲಿನ ನಮ್ಮ ಪ್ರೀತಿ ಎಂಥದ್ದು ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಭುಜಕ್ಕೆ ಭುಜ, ಬಾಯಿಗೆ ಬೀಗ

ನಿಂತು ತಿನ್ನುವ ದರ್ಶಿನಿ ಹೋಟೆಲುಗಳಿಗೆ ನಮ್ಮ ಜಯನಗರವೇ ತವರು. 1983ರಲ್ಲಿ ಇಲ್ಲಿ ಶುರುವಾದ ಕೆಫೆ ದರ್ಶಿನಿಯ ದಾರಿ ಹಿಡಿದು ಊರ ತುಂಬಾ ದರ್ಶಿನಿಗಳಾದವು. ಬೆಳಿಗ್ಗೆ ಎಂಟಕ್ಕೆ ಯಾವ ದರ್ಶಿನಿಗಾದರೂ ಹೋಗಿ. ಪಕ್ಕದವನ ಸಾಂಬಾರು ನಮ್ಮ ತಟ್ಟೆಗೆ ಹಾರುವಷ್ಟು ಹತ್ತಿರ ನಿಂತಿರುತ್ತೇವೆ. ಒಂದೇ ಕಲ್ಲಿನ ಮೇಜು, ಒಂದೇ ಚಟ್ನಿ. ಒಂದು ಮಾತಿಲ್ಲ! 1943ರಿಂದ ಇರುವ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಕೂರಲು ಕುರ್ಚಿ ಇದೆ, ಎದುರಿಗೆ ಕೂರುವವರು ಯಾರೋ ಗುರುತಿಲ್ಲದವರು. ದೋಸೆ ಬರುವ ತನಕ ಇಬ್ಬರೂ ಗೋಡೆಯ ಮೇಲಿನ ಚಿತ್ರ ನೋಡುತ್ತೇವೆ. ಬಹಳವೆಂದರೆ "ಸಾರ್, ಇಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿ ಕೂರುತ್ತೇವೆ. ಅಲ್ಲಿಗೆ ಮುಗಿಯಿತು.

ಈಗ ಮೆಟ್ರೋ ಬಂದಿದೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆ, ರಾಗಿಗುಡ್ಡ, ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡು ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗಾಗಿದೆ. ಕನ್ನಡದ ಹುಡುಗ, ಒಡಿಶಾದ ಹುಡುಗಿ, ಕೇರಳದ ನರ್ಸಮ್ಮ, ರಾಯಚೂರಿನ ಗಾರೆ ಕೆಲಸದವನು ಎಲ್ಲರೂ ಒಂದೇ ಬೋಗಿಯಲ್ಲಿ. ಎಲ್ಲರ ಕಣ್ಣೂ ಮೊಬೈಲಿನಲ್ಲಿ.

ಈ ಸಂಕೋಚದಲ್ಲಿ ಒಳ್ಳೆಯದೂ ಇದೆ, ಇಲ್ಲ ಎನ್ನುವುದಿಲ್ಲ. ಎದುರು ಕೂತವನ ಜಾತಿ ಯಾವುದು, ಸಂಬಳ ಎಷ್ಟು, ಮದುವೆ ಆಗಿದೆಯೋ ಇಲ್ಲವೋ ಎಂದು ನಾವು ಕೆದಕುವುದಿಲ್ಲ. ಊರಿನಲ್ಲಿ ಎಲ್ಲರ ಕಣ್ಣಿನ ಕಾವಲಿನಲ್ಲಿ ಬೆಳೆದು ಬಂದವರಿಗೆ ಇಲ್ಲಿ ಉಸಿರಾಡಿದ ಹಾಗಾಗುತ್ತದೆ. ಗುರುತಿಲ್ಲದವರನ್ನೂ 'ನೀವು' ಎನ್ನುತ್ತೇವೆ, 'ಸ್ವಾಮಿ' ಎನ್ನುತ್ತೇವೆ, 'ಯಜಮಾನ್ರೇ' ಎನ್ನುತ್ತೇವೆ. ಮರ್ಯಾದೆಗೆ ಕೊರತೆಯಿಲ್ಲ. ಆದರೆ ಮರ್ಯಾದೆ ಬೇರೆ, ಬಳಕೆ ಬೇರೆ. ಮರ್ಯಾದೆ ಕೊಟ್ಟು ದೂರ ನಿಲ್ಲಿಸುವ ವಿದ್ಯೆಯಲ್ಲಿ ನಾವು ದಕ್ಷಿಣ ಬೆಂಗಳೂರಿನವರು ಪಂಡಿತರು. "ಒಂದ್ಸಲ ಮನೆ ಕಡೆ ಬನ್ನಿ ಸಾರ್" ಎನ್ನುತ್ತೇವೆ, ಮನೆ ಎಲ್ಲಿ ಎಂದು ಹೇಳುವುದಿಲ್ಲ. ಬಂದವರು ಎದ್ದು ಚಪ್ಪಲಿ ಮೆಟ್ಟಿದ ಮೇಲೆ "ಕಾಫಿ ಕುಡಿದು ಹೋಗಬಹುದಿತ್ತು" ಎನ್ನುತ್ತೇವೆ!

ಕನ್ನಡಿಗ ಎಂದರೆ ಒಬ್ಬನೇ ಅಲ್ಲ

'ಕನ್ನಡಿಗರ ಸ್ವಭಾವವೇ ಹಾಗೆ ಬಿಡಿ' ಎನ್ನುವವರಿಗೆ ಒಂದು ಮಾತು. ಕನ್ನಡಿಗರ ಸ್ವಭಾವ ಎಲ್ಲ ಕಡೆ ಹಾಗಿಲ್ಲ. ಧಾರವಾಡದ ಕಡೆ ಹೋಗಿ. "ಯಾವೂರ್ರೀ ನಿಮ್ದು? ಬರ್ರಿ, ಕುಂದರ್ರಿ, ಚಾ ಕುಡೀರಿ." ಮೂರು ಮಾತಿನೊಳಗೆ ನಿಮ್ಮ ಊರು, ಕೆಲಸ, ಮನೆ ಮಂದಿಯ ಲೆಕ್ಕ ಎಲ್ಲ ಅವರಿಗೆ ಗೊತ್ತು, ಅವರದ್ದು ನಿಮಗೆ ಗೊತ್ತು. ಮಲೆನಾಡಿನ ಮನೆಗೆ ಹೋದರೆ ಮೊದಲು ಬೆಲ್ಲ ನೀರು, ಆಮೇಲೆ ಯಾರು ಏನು ಎಂಬ ವಿಚಾರಣೆ. ಬಾಗಿಲಿಗೆ ಬಂದವರನ್ನು ಒಂದು ಮಾತು ಕೂಡ ಆಡಿಸದ ಬಿಗುಮಾನದ ಜನರನ್ನು ಹನ್ನೆರಡನೇ ಶತಮಾನದಲ್ಲೇ ಬಸವಣ್ಣನವರು ಒಂದು ವಚನದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಅಂದರೆ ಈ ಕಾಯಿಲೆ ಹಳೆಯದು, ಅದನ್ನು ಬೈದು ತಿದ್ದುವ ಕನ್ನಡವೂ ಅಷ್ಟೇ ಹಳೆಯದು.

ಇದು ನಮ್ಮೊಬ್ಬರ ಸಮಾಚಾರವೂ ಅಲ್ಲ. ಮನಃಶಾಸ್ತ್ರ ಪಾಠ ಮಾಡುವ ಮೇಷ್ಟ್ರೊಬ್ಬರು ತಮ್ಮ ಪುಸ್ತಕವನ್ನು ಅಚ್ಚಿಗೆ ತಂದಾಗ ಪ್ರೂಫಿನಲ್ಲಿ ಕುರ್ಟ್ ಲೆವಿನ್ ಎಂಬ ಹೆಸರು ಸಿಕ್ಕಿತು. ಜರ್ಮನಿಯಲ್ಲಿ ಹಿಟ್ಲರ್ ಬಂದ ಮೇಲೆ 1933ರಲ್ಲಿ ಅಮೆರಿಕಕ್ಕೆ ಹೋದ ಯಹೂದಿ ವಿದ್ವಾಂಸ. ಎರಡೂ ದೇಶದ ಜನರನ್ನು ಹೋಲಿಸಿ 1936ರಲ್ಲಿ ಒಂದು ಲೇಖನ ಬರೆದ. ಅವನ ಮಾತಿನ ಸಾರ ಇಷ್ಟು. ಅಮೆರಿಕದವರು ಗುರುತಿಲ್ಲದವರನ್ನು ನೋಡಿದರೂ ನಗುತ್ತಾರೆ, ಬೇಗ ಮಾತಿಗೆ ಸಿಗುತ್ತಾರೆ. ಆದರೆ ತೀರಾ ಒಳಗಿನ ಕೋಣೆಗೆ ಸುಲಭವಾಗಿ ಬಿಡುವುದಿಲ್ಲ. ಜರ್ಮನಿಯವರು ಹೊರಬಾಗಿಲಲ್ಲೇ ತಡೆಯುತ್ತಾರೆ. ಆದರೆ ಅದನ್ನು ದಾಟಿದವನಿಗೆ ಮುಂದಿನ ಬಾಗಿಲುಗಳು ಅಷ್ಟು ಕಷ್ಟವಲ್ಲ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಮಾವಿನಹಣ್ಣು, ಇನ್ನೊಂದು ತೆಂಗಿನಕಾಯಿ. ಮಾವು ಹೊರಗೆ ಮೆತ್ತಗೆ, ಒಳಗೆ ಗಟ್ಟಿ ಓಟೆ. ತೆಂಗಿಗೆ ಹೊರಗೆ ನಾರು, ಚಿಪ್ಪು, ಒಡೆದರೆ ಒಳಗೆ ಸಿಹಿ ನೀರು. ನಾವು ಬೆಂಗಳೂರಿನ ಕನ್ನಡಿಗರು ಯಾವುದು? ಹೊರಗಿನಿಂದ ನೋಡಿದರೆ ಮಾವಿನಹಣ್ಣು! ಬಂದವರ ಭಾಷೆಯನ್ನೇ ಆಡುತ್ತೇವಲ್ಲ, ಎಷ್ಟು ಮೆತ್ತಗೆ! ನಿಜದಲ್ಲಿ ನಾವು ತೆಂಗಿನಕಾಯಿ. ಪರಭಾಷೆ ನಮ್ಮ ತಿರುಳಲ್ಲ, ನಮ್ಮ ಚಿಪ್ಪು. ಅದನ್ನು ಒಡೆದು ಕನ್ನಡದೊಳಕ್ಕೆ ಬಂದವನಿಗೆ ಸಿಗುವ ಪ್ರೀತಿಗೆ ಸಾಟಿಯಿಲ್ಲ. ಆದರೆ ಒಡೆಯುವುದು ಎಲ್ಲಿಂದ? ನಾವು ಕೈಗೇ ಸಿಗುವುದಿಲ್ಲವಲ್ಲ!

ಬೇಗ ಮುಗಿಸಿ ಕಳಿಸುವ ವಿದ್ಯೆ

ಬಿಟಿಎಂ ಲೇಔಟಿನ ಒಂದು ಬೀದಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಹಳ್ಳಿಗಳ ಹೆಸರನ್ನು ಮೂರು ಇಂಗ್ಲಿಷ್ ಅಕ್ಷರದಲ್ಲಿ ಕಟ್ಟಿಹಾಕಿದ ಬಡಾವಣೆ. ಈ ಬೀದಿಯಲ್ಲಿ ಪಿ.ಜಿ.ಗಳ ಸಾಲು. ಹೊರಗಿನಿಂದ ಬಂದ ಹುಡುಗ ತನಗೆ ಗೊತ್ತಿರುವ ಅರ್ಧ ಕನ್ನಡದಲ್ಲಿ "ಭೈಯ್ಯಾ, ಹಾಲು ಎಷ್ಟು?" ಎನ್ನುತ್ತಾನೆ. ನಮ್ಮವನು ತಕ್ಷಣ "ಛಬ್ಬೀಸ್ ರುಪಯಾ" ಎನ್ನುತ್ತಾನೆ. ಹುಡುಗ ಕಾಸು ಕೊಟ್ಟು ಹೋದ. ವ್ಯಾಪಾರ ಮುಗಿಯಿತು. ಮಾತೂ ಮುಗಿಯಿತು.

ಅದೇ ನಮ್ಮವನು "ಇಪ್ಪತ್ತಾರು ರೂಪಾಯಿ" ಎಂದಿದ್ದರೆ? ಹುಡುಗ "ಇಪ್ಪತ್... ಕಿತ್ನಾ?" ಎನ್ನುತ್ತಿದ್ದ. ನಮ್ಮವನು ಬೆರಳು ತೋರಿಸಬೇಕಿತ್ತು, ಇನ್ನೊಂದು ಸಲ ಹೇಳಬೇಕಿತ್ತು. ಅವನು ತಪ್ಪು ತಪ್ಪಾಗಿ ಹೇಳುತ್ತಿದ್ದ, ಇಬ್ಬರೂ ನಗುತ್ತಿದ್ದರು. ನಾಳೆ ಬಂದಾಗ ಇಬ್ಬರಿಗೂ ಗುರುತಿರುತ್ತಿತ್ತು. ಒಂದು ನಿಮಿಷ ಹೆಚ್ಚು ಖರ್ಚು. ಆ ಒಂದು ನಿಮಿಷವೇ ನಮಗೆ ದುಬಾರಿ!

ಅಂಗಡಿಯವನನ್ನು ನಾನು ಬೈಯುತ್ತಿಲ್ಲ. ಕ್ಯೂ ನಿಂತಿರುತ್ತದೆ, ಅವನಿಗೆ ಹೊಟ್ಟೆಪಾಡು. ಆದರೆ ಕ್ಯೂ ಇಲ್ಲದ ಕಡೆ ನಾವು ಮಾಡುತ್ತಿರುವುದೇನು? ಲಿಫ್ಟಿನಲ್ಲಿ, ಆಫೀಸಿನ ಊಟದ ಮೇಜಿನಲ್ಲಿ, ವಾಕಿಂಗ್ ಹೋಗುವ ಪಾರ್ಕಿನಲ್ಲಿ? ಇನ್ನೂ ಕೆಟ್ಟದ್ದೊಂದಿದೆ. ಯಾರೋ ಕಷ್ಟಪಟ್ಟು ಎರಡು ಸಾಲು ಕನ್ನಡ ಆಡಿದರೆ "ಅರೆ, ನಿಮಗೆ ಕನ್ನಡ ಬರುತ್ತಾ! ಪರವಾಗಿಲ್ಲವೇ!" ಎಂದು ಕರಡಿ ಸೈಕಲ್ ಓಡಿಸಿದ್ದನ್ನು ನೋಡಿದ ಹಾಗೆ ಬಾಯಿ ಬಿಡುತ್ತೇವೆ. ಮರುಕ್ಷಣವೇ ಇಂಗ್ಲಿಷಿಗೆ ಹಾರುತ್ತೇವೆ. ಪಾಪ, ಅವನಿಗೆ ಏನು ಅರ್ಥವಾಗಬೇಕು? 'ನಿನ್ನ ಪ್ರಯತ್ನ ನೋಡಿದೆ, ಇನ್ನು ಸಾಕು ಮಾಡು' ಎಂದೇ ತಾನೆ? ಮೂರು ಸಲ ಹೀಗಾದರೆ ನಾಲ್ಕನೇ ಸಲ ಅವನು ಬಾಯಿ ತೆರೆಯುವುದಿಲ್ಲ. ಆಮೇಲೆ ನಾವು 'ಹತ್ತು ವರ್ಷ ಇದ್ದರೂ ಕನ್ನಡ ಕಲಿಯಲಿಲ್ಲ' ಎಂದು ಅವನನ್ನೇ ಬೈಯುತ್ತೇವೆ!

ನಲ್ಲಿ ಕಟ್ಟೆಯ ಪಾಠಶಾಲೆ

ಹಿಂದೆ ಬಂದವರು ಹೇಗೆ ಕಲಿತರು? ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. 1983ರಲ್ಲಿ ಜ್ಞಾನಪೀಠ ಬಂದದ್ದು ಕನ್ನಡಕ್ಕೆ ಬರೆದದ್ದಕ್ಕೆ. ಅವರ ಮನೆ ಇದ್ದದ್ದು ಇಲ್ಲೇ, ಗವಿಪುರದಲ್ಲಿ. ಬೇಂದ್ರೆಯವರ ಮನೆಮಾತು ಮರಾಠಿ. 1973ರ ಜ್ಞಾನಪೀಠ ಕನ್ನಡಕ್ಕೆ ತಂದರು. ನಮ್ಮ ಜೆ.ಪಿ. ನಗರದಲ್ಲೇ ವಾಸವಿದ್ದ ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. 1998ರ ಜ್ಞಾನಪೀಠ ಕನ್ನಡಕ್ಕೇ. ಬೇಂದ್ರೆಯವರಿಗೆ ಧಾರವಾಡದ ಓಣಿಯ ಜನರೆಲ್ಲ 'ನೀವು ಮರಾಠಿಯವರು, ನಾವು ಮರಾಠಿಯಲ್ಲೇ ಮಾತಾಡುತ್ತೇವೆ ಬಿಡಿ' ಎಂದು 'ಔದಾರ್ಯ' ತೋರಿಸಿದ್ದರೆ ಕನ್ನಡದ ಗತಿ ಏನಾಗುತ್ತಿತ್ತು?

ದೊಡ್ಡವರ ಮಾತು ಬಿಡಿ. ಬಸವನಗುಡಿ, ಚಾಮರಾಜಪೇಟೆಯ ಹಳೇ ವಠಾರಗಳನ್ನು ನೆನಪು ಮಾಡಿಕೊಳ್ಳಿ. ಆರೆಂಟು ಸಂಸಾರ, ಒಂದೇ ನಲ್ಲಿ, ಒಂದೇ ಬಟ್ಟೆ ಒಗೆಯುವ ಕಲ್ಲು. ತೆಲುಗಿನ ಅತ್ತೆಯೂ ತಮಿಳಿನ ಸೊಸೆಯೂ ನೀರಿಗೆ ಜಗಳವಾಡುತ್ತಾ ಕನ್ನಡ ಕಲಿತರು! ಸರ್ಕಾರ ಕಲಿಸಲಿಲ್ಲ, ಕ್ಲಾಸಿಗೆ ಹೋಗಲಿಲ್ಲ. ಸಂಕೋಚ ಪಡಲು ಅಲ್ಲಿ ಜಾಗವೇ ಇರಲಿಲ್ಲ. ಜಯನಗರ ಹುಟ್ಟಿದ್ದು 1948ರಲ್ಲಿ. ಆಮೇಲೆ ಕಾಂಪೌಂಡು ಬಂತು, ಅದರ ಮೇಲೆ ಗ್ರಿಲ್ಲು ಬಂತು, ಈಗ ಅಪಾರ್ಟ್‌ಮೆಂಟಿಗೆ ಸೆಕ್ಯೂರಿಟಿ ಬಂದಿದೆ. ಮನೆಯ ನಕ್ಷೆ ಬದಲಾಯಿತು, ನಲ್ಲಿ ಒಳಗೆ ಹೋಯಿತು. ನಲ್ಲಿಯ ಜೊತೆ ಕನ್ನಡವೂ ಒಳಗೆ ಹೋಯಿತು.

ಅದೇ ಹೊತ್ತಿಗೆ ಜನ ಸುರಿದುಬಂದರು. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 65 ಲಕ್ಷ ಜನ. 2011ರಲ್ಲಿ 96 ಲಕ್ಷ. ಹತ್ತೇ ವರ್ಷದಲ್ಲಿ 30 ಲಕ್ಷಕ್ಕೂ ಹೆಚ್ಚು! 2011ರ ಲೆಕ್ಕದಲ್ಲಿ ಈ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ. ಹಾಗಂತ ಎದೆ ಬಡಿದುಕೊಳ್ಳಬೇಕಾಗಿಲ್ಲ. ಮನೆಮಾತು ಬೇರೆ ಇದ್ದೂ ಬೀದಿಯಲ್ಲಿ ಕನ್ನಡ ಆಡುವ ಲಕ್ಷಾಂತರ ಜನ ಈ ಊರಿನಲ್ಲಿದ್ದಾರೆ. ಅವರೆಲ್ಲ ವಠಾರದ ಕೊಡುಗೆ. ಮುಂದಿನ ಲಕ್ಷಾಂತರ ಜನ ಯಾವ ವಠಾರದಲ್ಲಿ ಕಲಿಯಬೇಕು? ಪ್ರಶ್ನೆ ಇದು.

2012ರ ಆಗಸ್ಟ್ ನೆನಪಿದೆಯೇ?

ಇದೆಲ್ಲ ಬರೀ ಭಾಷೆಯ ವಿಚಾರ ಎಂದುಕೊಳ್ಳಬೇಡಿ. 2012ರ ಆಗಸ್ಟ್ ತಿಂಗಳು. ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಯಾಗಿತ್ತು. ಈಶಾನ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿ ಆಗುತ್ತದೆ ಎಂದು ಮೊಬೈಲುಗಳಲ್ಲಿ ಎಸ್ಎಂಎಸ್ ಹರಿದಾಡಿತು. ಸ್ವಾತಂತ್ರ್ಯ ದಿನಾಚರಣೆಯ ಸಂಜೆಯಿಂದ ಮೂರು ನಾಲ್ಕು ದಿನ ಸಾವಿರಾರು ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ರೈಲ್ವೆ ಸ್ಟೇಷನ್ನಿಗೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಏನೂ ಆಗುವುದಿಲ್ಲ ಎಂದು ಸರ್ಕಾರ ಹೇಳಿತು, ಪೊಲೀಸರು ಹೇಳಿದರು. ಕೇಂದ್ರ ಸರ್ಕಾರ ದೇಶದಲ್ಲೆಲ್ಲ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸದಂತೆ ಕೆಲ ದಿನ ತಡೆ ಹಾಕಿತು. ಓಡುವವರು ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ? ಅವರಲ್ಲಿ ಎಷ್ಟೋ ಜನ ಇಲ್ಲೇ ವರ್ಷಗಟ್ಟಲೆ ಇದ್ದವರು. ನಮ್ಮ ಬ್ಯೂಟಿ ಪಾರ್ಲರುಗಳಲ್ಲಿ, ಹೋಟೆಲುಗಳಲ್ಲಿ, ಸೆಕ್ಯೂರಿಟಿ ಕೆಲಸದಲ್ಲಿ ಇದ್ದವರು. ನಮ್ಮ ಗೇಟು ಕಾದವರು! ಮೊಬೈಲಿಗೆ ಬಂದ ಸುಳ್ಳನ್ನು ಹಿಡಿದು "ಅಕ್ಕಾ, ಇದು ನಿಜವಾ?" ಎಂದು ಪಕ್ಕದ ಮನೆಯಲ್ಲಿ ಕೇಳುವಷ್ಟು ಬಳಕೆ ಇದ್ದಿದ್ದರೆ, "ಅಯ್ಯೋ, ಯಾವನು ಹೇಳಿದ್ದು? ಸುಮ್ಮನೆ ಇಲ್ಲೇ ಇರು ಮಗಳೇ, ನಾವಿದ್ದೀವಿ" ಎನ್ನುವ ಒಂದು ಮಾತು ಸಾಕಿತ್ತು. ಆ ಒಂದು ಮಾತು ಬಹಳ ಮಂದಿಗೆ ಸಿಗಲಿಲ್ಲ. ನಾವು ಅವರಿಗೆ ಕೆಟ್ಟದ್ದು ಮಾಡಿದವರಲ್ಲ. ತಂಟೆಗೆ ಹೋದವರೂ ಅಲ್ಲ. ಅಷ್ಟೇ ಸಾಕಾಗಲಿಲ್ಲ. ತಂಟೆಗೆ ಹೋಗದ ಊರನ್ನು ಜನ ಒಂದೇ ರಾತ್ರಿಯಲ್ಲಿ ಬಿಟ್ಟು ಓಡಿದರು, ಯಾಕೆಂದರೆ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ.

ನಮ್ಮವರಿಗೂ ಇದೇ ಗತಿ

ಪರಭಾಷಿಕರ ವಿಚಾರ ನಿಮಗೆ ಬೇಡವೆನ್ನಿಸಿದರೆ ಕನ್ನಡಿಗರ ವಿಚಾರಕ್ಕೇ ಬನ್ನಿ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು ನಮ್ಮ ಬಡಾವಣೆಗಳ ಮನೆ ಕಟ್ಟುತ್ತಾರೆ. ಇಟ್ಟಿಗೆ ಹೊರುತ್ತಾರೆ, ಗಾರೆ ಕಲಿಸುತ್ತಾರೆ, ಮುಗಿಯುವ ತನಕ ಅಲ್ಲೇ ಶೆಡ್ಡಿನಲ್ಲಿ ಇರುತ್ತಾರೆ. ಅಚ್ಚ ಕನ್ನಡಿಗರು. ಅವರು "ಯಣ್ಣಾ, ನೀರು ಕೊಡ್ರೀ" ಎಂದರೆ ನಮ್ಮ ಮನೆಯ ಹುಡುಗರು 'ಇದ್ಯಾವ ಭಾಷೆ?' ಎಂದು ನಗುತ್ತಾರೆ! ಕೆಲವರು ಹಿಂದಿಯಲ್ಲಿ ಉತ್ತರ ಕೊಡುವುದನ್ನೂ ಕೇಳಿದ್ದೇನೆ. ಧಾರವಾಡದ ಕಡೆಯಿಂದ ಕೆಲಸಕ್ಕೆ ಬಂದ ಹುಡುಗಿ ಆಫೀಸಿನಲ್ಲಿ ತನ್ನ ಕನ್ನಡ ಆಡಿದರೆ ಸಿನಿಮಾದ ಹಾಸ್ಯನಟಿಯನ್ನು ನೋಡಿದ ಹಾಗೆ ನೋಡುತ್ತಾರೆ. ಆಕೆ ಎರಡು ತಿಂಗಳಿಗೆ ಇಂಗ್ಲಿಷಿಗೆ ತಿರುಗುತ್ತಾಳೆ.

1956ರ ನವೆಂಬರ್ 1ರಂದು ನಮ್ಮ ನಾಡು ಒಂದಾಯಿತು. ಹೈದರಾಬಾದಿನ ಕಡೆಯವರು, ಮುಂಬೈ ಪ್ರಾಂತ್ಯದವರು, ಮದ್ರಾಸಿನ ಕಡೆಯವರು, ಕೊಡಗಿನವರು, ಮೈಸೂರಿನವರು ಒಂದು ರಾಜ್ಯವಾದರು. ನಕ್ಷೆ ಒಂದಾಗಿ ಎಷ್ಟೋ ವರ್ಷವಾಯಿತು. ನಮ್ಮ ಗೇಟು ಮಾತ್ರ ಇನ್ನೂ ತೆರೆದಿಲ್ಲ!

ಬೋರ್ಡು ಮಾತಾಡುವುದಿಲ್ಲ

'ಅಲ್ರೀ, ಬಂದವರು ಕಲಿಯಬೇಕು. ನಾವೇಕೆ ಅವರ ಹಿಂದೆ ಹೋಗಬೇಕು?' ಎಂದು ನಮ್ಮ ಕಾರ್ಯಕರ್ತ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಂದವರು ಕಲಿಯಲೇಬೇಕು. ಅದರಲ್ಲಿ ರಾಜಿ ಇಲ್ಲ. ಶಾಲೆಗಳಲ್ಲಿ ಕನ್ನಡ ಕಲಿಸಲು 2015ರಲ್ಲಿ ಕಾಯ್ದೆ ಬಂತು. ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಎಲ್ಲ ಹೋರಾಟದಿಂದ ಸಿಕ್ಕಿದ್ದು. ಬೇಕಾದದ್ದೇ. ನನ್ನ ಕಸುಬಿನವರಿಗೆ ಕೆಲಸವೂ ಸಿಕ್ಕಿತು!

ಆದರೆ ಬೋರ್ಡು ಮಾತಾಡುವುದಿಲ್ಲ ಸ್ವಾಮಿ. ಕಾಯ್ದೆ ಗೋಡೆಯ ಮೇಲೆ ಅಕ್ಷರ ಬರೆಸಬಹುದು, ನಾಲಿಗೆಯ ಮೇಲೆ ಬರೆಸಲಾರದು. ಬೋರ್ಡಿನ ಕೆಳಗೆ ನಿಂತ ಕನ್ನಡಿಗನೇ ಹಿಂದಿಯಲ್ಲಿ ಮಾತಾಡಿದರೆ ಆ ಶೇಕಡ 60 ಯಾರಿಗಾಗಿ?

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. "ಬೆಂಗಳೂರಲ್ಲಿ ಇದ್ದು ಕನ್ನಡ ಬರಲ್ವಾ?" ಎಂದು ನಡುರಸ್ತೆಯಲ್ಲಿ ಕಿರುಚುವುದು, ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚುವುದು ಈಗ ಶುರುವಾಗಿದೆ. ಇದು ಸಂಕೋಚಕ್ಕೆ ವಿರುದ್ಧ ಅಂದುಕೊಂಡಿದ್ದೀರಾ? ಇದು ಸಂಕೋಚದ ತಮ್ಮ! ಹತ್ತು ವರ್ಷ ಬಾಯಿ ಬಿಡದವನು ಹನ್ನೊಂದನೇ ವರ್ಷ ಬಾಯಿ ಬಿಟ್ಟರೆ ಬರುವುದು ಕೂಗು ಮಾತ್ರ. ಹೆದರಿ ಕಲಿತವನು ನಾಲ್ಕು ಪದ ಕಲಿಯುತ್ತಾನೆ, ಜಗಳ ತಪ್ಪಿಸಿಕೊಳ್ಳಲು. ಬಳಕೆಯಿಂದ ಕಲಿತವನು ಮಕ್ಕಳಿಗೂ ಕಲಿಸುತ್ತಾನೆ.

ಏನು ಮಾಡಬೇಕು?

ಭಾಷಣ ಸಾಕು. ದಕ್ಷಿಣ ಬೆಂಗಳೂರಿನ ನನ್ನ ತಮ್ಮಂದಿರಿಗೆ, ತಂಗಿಯರಿಗೆ ಮಾಡಲು ಸಾಧ್ಯವಾದ ಕೆಲಸಗಳನ್ನೇ ಹೇಳುತ್ತೇನೆ.

ಗುರುತಿಲ್ಲದವರಿಗೆ ಆಡುವ ಮೊದಲ ಮಾತು ಕನ್ನಡದಲ್ಲಿರಲಿ. ಅರ್ಥವಾಗದಿದ್ದರೆ ಎರಡನೇ ಸಲ ನಿಧಾನವಾಗಿ ಹೇಳಿ. ಮೂರನೇ ಸಲ ಬೇಕಾದರೆ ಒಂದು ಪದಕ್ಕೆ ಅವರ ಭಾಷೆಯ ಸಹಾಯ ತೆಗೆದುಕೊಳ್ಳಿ, ಮತ್ತೆ ಕನ್ನಡಕ್ಕೆ ಬನ್ನಿ. ಆಸ್ಪತ್ರೆ, ಅಪಘಾತ, ದಾರಿ ತಪ್ಪಿದವರ ವಿಚಾರದಲ್ಲಿ ಯಾವ ಭಾಷೆಯಾದರೂ ಸರಿ, ಅಲ್ಲಿ ನಿಯಮ ಬೇಡ.

ಅರ್ಧ ಕನ್ನಡ ಆಡುವವರನ್ನು ನೋಡಿ ನಗಬೇಡಿ. ಹೊಗಳಿ ಅಟ್ಟಕ್ಕೂ ಏರಿಸಬೇಡಿ. ಸುಮ್ಮನೆ ಕನ್ನಡದಲ್ಲೇ ಉತ್ತರ ಕೊಡಿ. ಅದೇ ದೊಡ್ಡ ಬಹುಮಾನ. "ನಾನು ನಿನ್ನೆ ಬರ್ತೀನಿ" ಎಂದರೆ "ನಾಳೆ ಬರ್ತೀರಾ? ಬನ್ನಿ" ಎನ್ನಿ. ತಪ್ಪು ತಿದ್ದಿದ ಹಾಗೂ ಆಯಿತು, ಕರೆದ ಹಾಗೂ ಆಯಿತು.

ಕಲಬುರಗಿಯ ಕನ್ನಡ, ಮಂಗಳೂರಿನ ಕನ್ನಡ, ಕೋಲಾರದ ಕನ್ನಡ, ಯಾವುದನ್ನೂ ಅಣಕ ಮಾಡಬೇಡಿ. ನಿಮ್ಮ ಕನ್ನಡವನ್ನು ಅವರು ಅಣಕ ಮಾಡಿದರೆ ನಿಮಗೆ ಹೇಗಿರುತ್ತದೆ?

ಕೊನೆಯದು ನಮ್ಮ ರಾಜ್ಯೋತ್ಸವ ಸಮಿತಿಗಳಿಗೆ. ಪ್ರತಿ ಅಕ್ಟೋಬರಿನಲ್ಲಿ ನಿಮ್ಮ ಚಂದಾ ರಸೀತಿ ಪುಸ್ತಕ ಅಚ್ಚು ಹಾಕುವವನು ನಾನು. ಎಷ್ಟು ಪುಸ್ತಕ ಹೋಗುತ್ತದೆ ಎಂದು ಗೊತ್ತು. ವರ್ಷಕ್ಕೊಮ್ಮೆ ನಾವು ಪಿ.ಜಿ.ಗಳ ಬಾಗಿಲು ತಟ್ಟುವುದು ರಸೀತಿ ಪುಸ್ತಕ ಹಿಡಿದು. ಪರ ಊರಿನ ಹುಡುಗನಿಗೆ ಕನ್ನಡ ಸಂಘದ ಪರಿಚಯ ಆಗುವುದೇ ಹೀಗೆ! ಈ ಸಲ ಚಂದಾ ಕೇಳುವ ಮೊದಲು ಊಟಕ್ಕೆ ಕರೆಯಿರಿ. ಆರ್ಕೆಸ್ಟ್ರಾಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಬೀದಿಯಲ್ಲೇ ಎಲೆ ಹಾಕಿ ಬಿಸಿಬೇಳೆಬಾತ್ ಬಡಿಸಿ. ಒಂದು ಕಡೆ ನಮ್ಮವರು, ಒಂದು ಕಡೆ ಅವರು ಕೂರುವುದು ಬೇಡ. ಒಬ್ಬರ ಪಕ್ಕ ಒಬ್ಬರು ಕೂರಲಿ. ಬಡಿಸುವವರು ಕನ್ನಡದಲ್ಲೇ ಕೇಳಲಿ, "ಸ್ವಲ್ಪ ಹಾಕಲಾ? ಸಾಕಾ? ಉಪ್ಪಿನಕಾಯಿ ಬೇಕಾ?" 'ಬೇಕು', 'ಸಾಕು' ಎಂಬ ಎರಡು ಪದ ಅಲ್ಲೇ ಬಂದುಬಿಡುತ್ತವೆ. ಅವೆರಡು ಬಂದರೆ ಈ ಊರಿನಲ್ಲಿ ಬದುಕಬಹುದು.

ಆ ಊಟದ ಕರೆಯೋಲೆಯನ್ನು ಕನ್ನಡದಲ್ಲೇ ಅಚ್ಚು ಹಾಕೋಣ. ಓದಲು ಬಾರದವರಿಗೆ ನೀವು ಬಾಗಿಲಿಗೆ ಹೋಗಿ ಓದಿ ಹೇಳಿ. ಓದಿ ಹೇಳಲು ಹೋದವರಿಗೆ ಹೆಸರು ಕೇಳದೆ, ಹೆಸರು ಹೇಳದೆ ವಾಪಸ್ಸು ಬರಲು ಆಗುವುದಿಲ್ಲ. ಅಲ್ಲಿಗೆ ಕೆಲಸ ಶುರುವಾದ ಹಾಗೆ.